ಕಲಾವಿದ ಹೋದ ಮೇಲೆ ಅವನ ಕೋಣೆಗೆ ಕಾಲಿಡುವವರಿಗೆ

ಮೊದಲು ಗುಜರಿಯವನನ್ನು ತಡೆಯಿರಿ. ಉಳಿದದ್ದೆಲ್ಲ ಆಮೇಲೆ.

ಎಚ್ಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರ) ಮಾಡುವವರ ಕೋಣೆಯಲ್ಲಿ ಸತುವಿನ ತಗಡು ಇದ್ದೇ ಇರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇದ್ದವರಾದರೆ ತಾಮ್ರದ್ದೂ ಇರುತ್ತದೆ. ಮಸಿ ಮೆತ್ತಿದ, ಗೀರು ಬಿದ್ದ, ಅಂಚು ಸವೆದ ತಗಡುಗಳ ಕಟ್ಟು. ಗೊತ್ತಿಲ್ಲದವರ ಕಣ್ಣಿಗೆ ಅದು ಕಿಲೋ ಲೆಕ್ಕದಲ್ಲಿ ಹೋಗುವ ಸಾಮಾನು. ವೈಕುಂಠ ಸಮಾರಾಧನೆ ಮುಗಿದು ನೆಂಟರು ಬಸ್ಸು ಹತ್ತುವ ಹೊತ್ತಿಗೆ ಮನೆಯಲ್ಲಿ ಯಾರಾದರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಆ ಕೋಣೆ ನೋಡಿದರೆ ಅಮ್ಮ ಅಳ್ತಾರೆ, ಖಾಲಿ ಮಾಡಿಬಿಡೋಣ" ಅನ್ನುತ್ತಾರೆ. ಪೇಂಟಿಂಗ್ ಆದರೆ ಚಿತ್ರ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಗೋಡೆಗೆ ಒರಗಿಸಿಯಾದರೂ ಇಡುತ್ತಾರೆ. ತಗಡು, ಲಿನೋ ಎಂಬ ಕೆತ್ತುವ ಮೆತ್ತನೆ ಹಾಳೆ, ಮರದ ಹಲಗೆಗೆ ಆ ಭಾಗ್ಯವಿಲ್ಲ. ಕೆತ್ತಿದ ಹಲಗೆ ಬಚ್ಚಲೊಲೆಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಮೈಸೂರಿನಲ್ಲಿ ಮುದ್ರಣ ಕಲೆ ಕಲಿಸಿಕೊಂಡು ಬಂದವನು. ಕಲಿತು ಹೋದ ಹುಡುಗರಲ್ಲಿ ಒಬ್ಬ, ಆಮೇಲೆ ಗೆಳೆಯನೂ ಆದವನು, ಸಾಗರದ ಕಡೆಯವನು, ಮೂವತ್ತನಾಲ್ಕಕ್ಕೇ ಹೋಗಿಬಿಟ್ಟ. ಪ್ರಿಂಟೂ ತೆಗೆಯುತ್ತಿದ್ದ, ಎಣ್ಣೆಬಣ್ಣದಲ್ಲೂ ಬರೆಯುತ್ತಿದ್ದ. ಎರಡೂ ಕಡೆ ಕೈ ಇದ್ದವರು ಕಡಿಮೆ, ಅವನಿಗಿತ್ತು. ಅವನ ತಾಯಿ, ತಂಗಿಯ ಜೊತೆ ಕೂತು ಅವನ ಕೆಲಸವನ್ನೆಲ್ಲ ಒಂದು ಲೆಕ್ಕಕ್ಕೆ ತಂದೆ. ಅಲ್ಲಿಂದಾಚೆ ಇಂಥ ಮನೆಗಳಿಂದ "ಏನು ಮಾಡೋಣ ಮೇಷ್ಟ್ರೇ" ಎಂಬ ಫೋನು ಬರುತ್ತಲೇ ಇದೆ. ಪ್ರತಿ ಸಲ ಅದನ್ನೇ ಹೇಳುವುದಕ್ಕಿಂತ ಬರೆದಿಡುವುದು ವಾಸಿ. ಅವನ ಹೆಸರು ಇಲ್ಲಿ ಬರುವುದಿಲ್ಲ, ಮನೆಯವರಿಗೆ ಅದು ಬೇಡ.

ಕೋಣೆ ಇದ್ದ ಹಾಗೇ

ಒಳಗೆ ಹೋದ ಕೂಡಲೇ ಏನನ್ನೂ ಎತ್ತಬೇಡಿ, ಗುಡಿಸಬೇಡಿ. ಫೋನಿನಲ್ಲಿ ಫೋಟೊ ತೆಗೆಯಿರಿ. ಬಾಗಿಲಿನಿಂದ ಒಂದು, ನಾಲ್ಕು ಮೂಲೆಗಳಿಂದ ಒಂದೊಂದು, ಮೇಜಿನ ಮೇಲಿಂದ, ಗೋಡೆಗೆ ಪಿನ್ನು ಚುಚ್ಚಿಟ್ಟದ್ದೆಲ್ಲ ಹತ್ತಿರದಿಂದ. ಕಾಗದದ ರಾಶಿ ಇದ್ದರೆ ಯಾವುದರ ಕೆಳಗೆ ಯಾವುದಿತ್ತು ಎಂಬುದಕ್ಕೂ ಅರ್ಥವಿದೆ. ತಾರೀಖು ಹಾಕುವ ಅಭ್ಯಾಸವಿಲ್ಲದವನ ವಿಷಯದಲ್ಲಿ ಆ ರಾಶಿಯೇ ಕ್ಯಾಲೆಂಡರು: ಮೇಲಿನದು ಹೊಸದು, ತಳದ್ದು ಹಳೆಯದು. ಒಮ್ಮೆ ಕದಡಿದರೆ ಮತ್ತೆ ಆ ಕ್ರಮ ಸಿಗುವುದಿಲ್ಲ.

ಆಮೇಲೆ ಹುಡುಕಾಟ. ಮಂಚದ ಕೆಳಗೆ, ಬೀರುವಿನ ನೆತ್ತಿಯ ಮೇಲೆ, ಅಟ್ಟದಲ್ಲಿ, ಬಾಗಿಲ ಹಿಂದೆ. ಮನೆಯ ಹೊರಗೂ ಹುಡುಕಬೇಕು. ಫ್ರೇಮ್ ಹಾಕುವ ಅಂಗಡಿಯಲ್ಲಿ ದುಡ್ಡು ಕೊಡದೆ ಬಿಟ್ಟ ಎರಡು ಚಿತ್ರ ಇರಬಹುದು. ಓದಿದ ಕಾಲೇಜಿನ ಡ್ರಾಯರಿನಲ್ಲಿ, ಬೇರೆ ಊರಿನ ಸ್ಟುಡಿಯೋದಲ್ಲಿ, ಒಟ್ಟಿಗೆ ರೂಮು ಮಾಡಿದ್ದ ಗೆಳೆಯರ ಮನೆಯಲ್ಲಿ ಇರಬಹುದು. ಕಲ್ಲಚ್ಚು ಮಾಡುತ್ತಿದ್ದವರಾದರೆ ಮೂಲ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಲಿಥೋ ಕಲ್ಲನ್ನು ಉಜ್ಜಿ ಮತ್ತೊಬ್ಬರ ಚಿತ್ರಕ್ಕೆ ಬಳಸುವುದೇ ಪದ್ಧತಿ. ಅಲ್ಲಿ ಉಳಿಯುವುದು ಕಾಗದ ಮಾತ್ರ.

ಮಂಚದ ಕೆಳಗೆ ಎಂದದ್ದು ಮಾತಿಗಲ್ಲ. ಇಂಗ್ಲೆಂಡಿನ ಎರಿಕ್ ರವಿಲಿಯಸ್ ಕತೆ ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳಿದ್ದೇನೆ. 1903ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಕಡಲ ತೀರದ ಈಸ್ಟ್‌ಬೋರ್ನ್‌ನಲ್ಲಿ ಬೆಳೆದವನು. ಗಟ್ಟಿ ಮರದ ಕೊರಡನ್ನು ಅಡ್ಡಕ್ಕೆ ಕೊಯ್ದು ನಯ ಮಾಡಿ, ಆ ಮುಖದ ಮೇಲೆ ಸೂಜಿಯಂಥ ಉಳಿಯಿಂದ ಕೆತ್ತುವ ವುಡ್ ಎನ್‌ಗ್ರೇವಿಂಗ್ ಅವನ ಕಸುಬು. ನಾನೂರಕ್ಕೂ ಹೆಚ್ಚು ಕೆತ್ತಿದ್ದಾನೆ. ಜಲವರ್ಣದಲ್ಲಿ ಇಂಗ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳನ್ನು ಒಣ ಕುಂಚದಲ್ಲಿ ಗೆರೆಗೆರೆಯಾಗಿ ಬರೆದವನು. ಕ್ರಿಕೆಟ್ ಹುಚ್ಚಿನವರು ಅವನ ಹೆಸರು ಗೊತ್ತಿಲ್ಲದೆಯೇ ಅವನ ಕೆಲಸ ನೋಡಿರುತ್ತೀರಿ: ವಿಸ್ಡನ್ ವಾರ್ಷಿಕದ ಹಳದಿ ಹೊದಿಕೆಯ ಮೇಲೆ ಎತ್ತರದ ಟೋಪಿ ಹಾಕಿಕೊಂಡು ಆಡುತ್ತಿರುವ ಇಬ್ಬರು ಹಳೇ ಕಾಲದ ಮಹನೀಯರು. 1938ರ ಸಂಚಿಕೆಗೆ ಬಂದದ್ದು, ಇವತ್ತಿಗೂ ಹೊದಿಕೆ ಬಿಟ್ಟು ಹೋಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಅವನನ್ನು ಯುದ್ಧ ಕಲಾವಿದನಾಗಿ ನೇಮಿಸಿತು. 1942ರ ಸೆಪ್ಟೆಂಬರ್ 2ರಂದು ಐಸ್‌ಲ್ಯಾಂಡ್‌ನಲ್ಲಿ, ಕಾಣೆಯಾದ ವಿಮಾನವೊಂದನ್ನು ಹುಡುಕಲು ಹೊರಟ ವಿಮಾನದಲ್ಲಿ ಅವನೂ ಹತ್ತಿದ. ಅದು ವಾಪಸು ಬರಲಿಲ್ಲ. ವಯಸ್ಸು ಮೂವತ್ತೊಂಬತ್ತು.

ಹೆಂಡತಿ ಟರ್ಜಾ ಗಾರ್‌ವುಡ್ ತಾನೂ ಗಟ್ಟಿಗ ಕೆತ್ತನೆಗಾರ್ತಿ. ಮೂರು ಸಣ್ಣ ಮಕ್ಕಳು, ಮೈಯಲ್ಲಿ ಕ್ಯಾನ್ಸರ್. 1951ರಲ್ಲಿ ಆಕೆಯೂ ಹೋದರು, ನಲವತ್ತೆರಡಕ್ಕೆ. ರವಿಲಿಯಸ್‌ನ ಚಿತ್ರಗಳ ದೊಡ್ಡ ಪಾಲು ಅವನ ಗೆಳೆಯ, ಅವನಷ್ಟೇ ದೊಡ್ಡ ಕಲಾವಿದ ಎಡ್ವರ್ಡ್ ಬಾಡನ್ ಮನೆಯ ಮಂಚದ ಕೆಳಗೆ ಸುಮಾರು ಮೂವತ್ತು ವರ್ಷ ಇತ್ತು. 1970ರ ದಶಕದ ಆರಂಭದಲ್ಲಿ ಮಕ್ಕಳು ಅದನ್ನು ಹೊರಗೆ ತಂದರು. ಇವತ್ತು ಅವನ ಕೆಲಸದ ದೊಡ್ಡ ಸಂಗ್ರಹ ಈಸ್ಟ್‌ಬೋರ್ನ್‌ನ ಟೌನರ್ ಗ್ಯಾಲರಿಯಲ್ಲಿದೆ, ಅವನ ಪ್ರದರ್ಶನಕ್ಕೆ ಜನ ಸಾಲು ನಿಲ್ಲುತ್ತಾರೆ. ಗೆಳೆಯನ ಮಂಚ ಚಿತ್ರಗಳನ್ನು ಕಾಪಾಡಿತು ಎಂಬುದು ನಿಜ. ಅಷ್ಟು ವರ್ಷ ಅವನ್ನು ಯಾರೂ ನೋಡಲಿಲ್ಲ ಎಂಬುದೂ ಅಷ್ಟೇ ನಿಜ. ಮಂಚದ ಕೆಳಗೆ ಇಡಿ, ಬೇಡ ಅನ್ನುವುದಿಲ್ಲ. ಏನೇನು ಇಟ್ಟಿದ್ದೀರಿ ಅಂತ ಬರೆದು ನಾಲ್ಕು ಜನಕ್ಕೆ ಹೇಳಿ ಇಡಿ.

ಅವನೂ ಬಾಡನ್ನೂ ಸೇರಿ ಲಂಡನ್ನಿನ ಮಾರ್ಲಿ ಕಾಲೇಜಿನ ಗೋಡೆಗಳಿಗೆ ಬರೆದ ಚಿತ್ರಗಳು ಬಾಂಬಿಗೆ ಸಿಕ್ಕಿ ಹೋದವು. ನಮ್ಮಲ್ಲಿ ಬಾಂಬು ಬೇಕಿಲ್ಲ, ಸುಣ್ಣ ಸಾಕು. ನಿಮ್ಮ ಹುಡುಗ ಶಾಲೆಯ ಗೋಡೆಗೋ ಯಾರದೋ ಹೋಟೆಲಿಗೋ ಚಿತ್ರ ಬರೆದಿದ್ದರೆ ಈ ವಾರವೇ ಹೋಗಿ ಫೋಟೊ ತೆಗೆದುಕೊಂಡು ಬನ್ನಿ. ಮುಂದಿನ ದೀಪಾವಳಿಗೆ ಅದು ಇರುತ್ತದೆ ಎಂಬ ಭರವಸೆ ಇಲ್ಲ.

ಅಂಚನ್ನು ಓದುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೇ. ಪೇಂಟಿಂಗ್ ಒಂದೇ ಇರುತ್ತದೆ. ಪ್ರಿಂಟು ಹಾಗಲ್ಲ, ಒಂದು ತಗಡಿನಿಂದ ಹತ್ತಾರು ಕಾಗದ. ಯಾವುದು ಏನು ಅಂತ ಹೇಳುವುದು ಚಿತ್ರದ ಕೆಳಗಿನ ಬಿಳಿ ಅಂಚು.

ಸಾಮಾನ್ಯವಾಗಿ ಎಡಗಡೆ ಪೆನ್ಸಿಲಿನಲ್ಲಿ 4/15 ಎಂದಿರುತ್ತದೆ: ಹದಿನೈದರಲ್ಲಿ ನಾಲ್ಕನೆಯದು. ನಡುವೆ ಹೆಸರು. ಬಲಗಡೆ ಸಹಿ, ಇಸವಿ. ಎ/ಪಿ ಎಂದಿದ್ದರೆ ಕಲಾವಿದ ಎಡಿಷನ್‌ನ, ಅಂದರೆ ಹೀಗೆ ಸಂಖ್ಯೆ ಹಾಕಿದ ಪ್ರತಿಗಳ, ಆಚೆ ತನಗೆಂದು ಇಟ್ಟುಕೊಂಡ ಪ್ರತಿ. ಟಿ/ಪಿ ಎಂದಿದ್ದರೆ ಕೆಲಸ ನಡೆಯುತ್ತಿದ್ದಾಗ ನೋಡಲು ತೆಗೆದ ಪ್ರತಿ. ಏನೂ ಬರೆಯದ ಕಾಗದಗಳು ಬೇಕಾದಷ್ಟಿರುತ್ತವೆ. ಅವೆಲ್ಲ ಕಸ ಎಂದು ತಿಳಿಯಬೇಡಿ, ಸಹಿ ಹಾಕುವಂಥವೂ ಅಲ್ಲ. ಅಣ್ಣನ ಸಹಿ ಚೆನ್ನಾಗಿ ಹಾಕಬಲ್ಲ ತಂಗಿ ಪ್ರತಿ ಮನೆಯಲ್ಲೂ ಒಬ್ಬಳಿರುತ್ತಾಳೆ. ಅವಳಿಗೆ ಮೊದಲೇ ಹೇಳಿ.

ಒಂದು ಗುಟ್ಟು ಗೊತ್ತಿರಲಿ. 4/15 ಎಂದು ಬರೆದಿದ್ದರೆ ಹದಿನೈದೂ ಇವೆ ಎಂದು ಅರ್ಥವಲ್ಲ. ನಮ್ಮ ಹುಡುಗರಲ್ಲಿ ಬಹಳ ಮಂದಿ ಒಂದು ಪ್ರದರ್ಶನ ಬಂದರೆ ಮೂರು ತೆಗೆಯುತ್ತಾರೆ, ಯಾರಾದರೂ ಕೊಂಡರೆ ಇನ್ನೆರಡು. ಒಳ್ಳೆಯ ಕಾಗದ ದುಬಾರಿ, ಮಸಿ ದುಬಾರಿ, ಒಂದು ತಗಡಿಗೆ ಮಸಿ ತುಂಬಿ ಒರೆಸಿ ಒಂದು ಪ್ರತಿ ತೆಗೆಯಲು ಅರ್ಧ ಗಂಟೆಯಾದರೂ ಬೇಕು. ಬರೆದ ಸಂಖ್ಯೆ ಒಂದು, ತೆಗೆದ ಸಂಖ್ಯೆ ಇನ್ನೊಂದು. ಹಾಗಾಗಿ ನೋಟ್‌ಬುಕ್ಕಿನಲ್ಲಿ "ಎಡಿಷನ್ 15" ಎಂದು ಬರೆದು ಸುಮ್ಮನಾಗಬೇಡಿ. "ಅಂಚಿನಲ್ಲಿ 15 ಎಂದಿದೆ, ಕಂಡದ್ದು 1, 2, 4, 5" ಎಂದು ಬರೆಯಿರಿ. ಮೂರನೆಯದು ಯಾರ ಮನೆಯಲ್ಲಿದೆ ಎಂದು ಮುಂದೆ ಗೊತ್ತಾದಾಗ ಸೇರಿಸಲು ಜಾಗ ಬಿಡಿ.

ಇನ್ನೊಂದು ಎಚ್ಚರ: ಫೋಲ್ಡರಿನಲ್ಲಿ ಇದ್ದದ್ದೆಲ್ಲ ಅವನದ್ದಲ್ಲ. ಪ್ರಿಂಟ್ ಮಾಡುವವರು ಪರಸ್ಪರ ಪ್ರಿಂಟು ಬದಲಾಯಿಸಿಕೊಳ್ಳುತ್ತಾರೆ, ಅದು ನಮ್ಮಲ್ಲಿ ಹಬ್ಬದ ಬಾಗಿನದಷ್ಟು ಸಹಜ. ನಮ್ಮ ಹುಡುಗನ ಫೋಲ್ಡರಿನಲ್ಲಿ ಬರೋಡದವರದ್ದಿತ್ತು, ಶಾಂತಿನಿಕೇತನದವರದ್ದಿತ್ತು, ನನ್ನದೂ ಇತ್ತು. ಮೂರರಲ್ಲಿ ಎರಡಕ್ಕೆ ಅಂಚಿನಲ್ಲಿ ಹೆಸರೇ ಓದಲಾಗದ ಸಹಿ. ಇವನ್ನು ಬೇರೆ ಫೋಲ್ಡರಿಗೆ ಹಾಕಿ, ಗೊತ್ತಿದ್ದವರಿಗೆ ತೋರಿಸಿ. ಮರಣಾನಂತರ ಪ್ರದರ್ಶನದಲ್ಲಿ ಬೇರೆಯವರ ಕೆಲಸ ಇವನ ಹೆಸರಲ್ಲಿ ಗೋಡೆಗೇರಿದರೆ ಸತ್ತವನಿಗೇ ಕೆಟ್ಟ ಹೆಸರು.

ಈ ಕೆಲಸಕ್ಕೆ ಕೂರುವಾಗ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಹುಡುಗನ ಒಂದು ಎಚ್ಚಿಂಗ್ ಇದೆ: ಅಡಕೆ ಸುಲಿಯುವ ರಾತ್ರಿ, ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು. ಅದರ ಮೂರು ಹಂತದ ಪ್ರತಿಗಳು ಸಿಕ್ಕವು. ಮೊದಲನೆಯದರಲ್ಲಿ ಮಾಡಿನಿಂದ ಬಲ್ಬು ಇಳಿಬಿಟ್ಟಿದೆ, ಗೆರೆಗಳು ಸೂರ್ಯನ ಕಿರಣದ ಹಾಗೆ ಸುತ್ತ ಹರಡಿವೆ, ವಿದ್ಯಾರ್ಥಿ ಕೆಲಸ ಅನ್ನಿಸುತ್ತದೆ. ಎರಡನೆಯದರಲ್ಲಿ ಆ ಬಲ್ಬನ್ನು ಬರ್ನಿಷರ್ ಎಂಬ ತಗಡು ನಯ ಮಾಡುವ ಸಲಕರಣೆಯಿಂದ ತಿಕ್ಕಿ ತಿಕ್ಕಿ ಅಳಿಸಿದ್ದಾನೆ. ಅಲ್ಲಿ ತಗಡು ಸ್ವಲ್ಪ ಕುಳಿ ಬಿದ್ದು ಕಾಗದದ ಮೇಲೆ ಬೂದು ಮೋಡದ ಹಾಗೆ ಒಂದು ಕಲೆ ಉಳಿದಿದೆ. ಕಾಗದದ ಹಿಂದೆ ಪೆನ್ಸಿಲಿನಲ್ಲಿ "ಬಲ್ಬು ಬೇಡ, ಬೆಳಕು ಸಾಕು." ಮೂರನೆಯದರಲ್ಲಿ ಅಕ್ವಾಟಿಂಟ್ (ಗೆರೆಯ ಬದಲು ಇಡೀ ಜಾಗಕ್ಕೆ ಛಾಯೆ ಕೊಡುವ ವಿಧಾನ) ಹಾಕಿ ಇಡೀ ಜಗಲಿಯನ್ನು ಕತ್ತಲಿಗೆ ದೂಡಿದ್ದಾನೆ. ಕೆನ್ನೆ, ಮೂಗಿನ ತುದಿ, ಕತ್ತಿಯ ಅಲಗು ಇಷ್ಟು ಮಾತ್ರ ಬಿಳಿ. ಅಂಗಡಿಗೆ, ಪ್ರದರ್ಶನಕ್ಕೆ ಹೋಗುವುದು ಮೂರನೆಯದು. ಆದರೆ ಅವನು ಹೇಗೆ ಯೋಚಿಸುತ್ತಿದ್ದ ಅಂತ ಗೊತ್ತಾಗುವುದು ಎರಡನೆಯದರಿಂದ, ಅದೂ ಸಹಿಯಿಲ್ಲದ, ಮೂಲೆ ಹರಿದ ಕಾಗದ.

ನಾನು ಈ ಪಾಠವನ್ನೆಲ್ಲ ಮನಸ್ಸಿನಲ್ಲೇ ಮಾಡಿಕೊಳ್ಳುತ್ತಿದ್ದಾಗ ತಾಯಿ ಕನ್ನಡಕ ಏರಿಸಿ, "ಮೇಷ್ಟ್ರೇ, ಇವಳು ನಮ್ಮ ಕೆಳಮನೆ ಅತ್ತಿಗೆ. ಆ ವರ್ಷ ಅವಳ ಕೈಬೆರಳು ಕೊಯ್ದಿತ್ತು, ನೋಡಿ ಬಟ್ಟೆ ಸುತ್ತಿದ್ದಾನೆ" ಅಂದರು. ಭೂತಗನ್ನಡಿ ಹಿಡಿದೆ. ಬಟ್ಟೆ ಸುತ್ತಿತ್ತು. ಆ ಬೆರಳು ಕೊಯ್ದ ವರ್ಷ ಯಾವುದೆಂದು ಅವರಿಗೆ ನೆನಪಿತ್ತು, ಇಸವಿ ಹಾಕದ ಪ್ರಿಂಟಿಗೆ ಇಸವಿ ಸಿಕ್ಕಿತು. ಕಲಾ ವಿಮರ್ಶಕರನ್ನು ಕರೆಯುವ ಮೊದಲು ಅತ್ತಿಗೆಯರನ್ನು ಕರೆಯಿರಿ.

ನೋಟ್‌ಬುಕ್ಕು

ಎಕ್ಸೆಲ್ ಬರುವವರು ಎಕ್ಸೆಲ್‌ನಲ್ಲಿ ಮಾಡಿ, ಬಾರದಿದ್ದರೆ ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕ ಸಾಕು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಯಾವ ಬಗೆ (ಎಚ್ಚಿಂಗ್, ವುಡ್‌ಕಟ್, ಲಿನೋ, ಎಣ್ಣೆಬಣ್ಣ), ಅಂಚಿನಲ್ಲಿ ಇದ್ದದ್ದು ಇದ್ದ ಹಾಗೇ, ಹಿಂದೆ ಬರೆದದ್ದು, ಅಳತೆ, ಸ್ಥಿತಿ, ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ. ಹೆಸರಿಲ್ಲದ್ದಕ್ಕೆ ನೀವೇ ಕವಿತ್ವದ ಹೆಸರಿಡಬೇಡಿ. "ಹೆಸರಿಲ್ಲ, ಬಾವಿಕಟ್ಟೆ, ಎರಡು ಕೊಡ" ಎಂದರೆ ಗುರುತಿಗೆ ಸಾಕು.

ಎಚ್ಚಿಂಗ್ ಅಳೆಯುವಾಗ ಕಾಗದವನ್ನಲ್ಲ, ತಗಡು ಒತ್ತಿ ಮೂಡಿದ ತಗ್ಗಿನ ಅಂಚನ್ನು ಅಳೆಯಿರಿ, ಎತ್ತರ ಮೊದಲು, ಅಗಲ ಆಮೇಲೆ, ಸೆಂಟಿಮೀಟರಿನಲ್ಲಿ. ಕಾಗದದ ಅಳತೆ ಬೇರೆ. ಆ ತಗ್ಗನ್ನು ಸಿಕ್ಕ ತಗಡುಗಳ ಅಳತೆಯೊಂದಿಗೆ ಹೊಂದಿಸಿದರೆ ಯಾವ ಪ್ರಿಂಟಿಗೆ ಯಾವ ತಗಡು ಅಂತ ಬೇಗ ಸಿಗುತ್ತದೆ. ತಗಡಿನಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿರುತ್ತದೆ ಎಂಬುದು ನೆನಪಿರಲಿ. ಬಾಲ್‌ಪೆನ್ನು ಕೋಣೆಯೊಳಗೇ ಬೇಡ. ಸಂಖ್ಯೆ ಬರೆಯಬೇಕಾದರೆ 2ಬಿ ಪೆನ್ಸಿಲಿನಲ್ಲಿ, ಹಿಂಬದಿಯ ಮೂಲೆಯಲ್ಲಿ, ಹಗುರವಾಗಿ.

ಮಳೆ, ಹುಳ, ಲ್ಯಾಮಿನೇಷನ್

ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದರೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ. ಪ್ರಿಂಟುಗಳನ್ನು ಮಲಗಿಸಿ, ಒಂದೊಂದರ ನಡುವೆ ಆಮ್ಲರಹಿತ ಟಿಶ್ಯೂ ಕಾಗದ ಹಾಕಿ, ಕಬ್ಬಿಣದ ಬೀರುವಿನಲ್ಲಿ ಇಡಿ. ಸುದ್ದಿಪತ್ರಿಕೆ ಬೇಡ, ಅದರ ಆಮ್ಲ ಪಕ್ಕದ ಕಾಗದವನ್ನೂ ಹಳದಿ ಮಾಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿ ಕಟ್ಟಿದರೆ ಒಳಗಿನ ತೇವ ಒಳಗೇ ಕೂತು ಬೂಸ್ಟು ಬರುತ್ತದೆ. ಬೇವಿನ ಎಲೆ ಹಾಕುವವರು ಚೆನ್ನಾಗಿ ಒಣಗಿಸಿ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಗಿಡಿ, ಹಸಿ ಎಲೆ ನೇರ ಕಾಗದದ ಮೇಲಲ್ಲ. ಮಳೆ ನಿಂತ ಮೇಲೆ ಒಮ್ಮೆ ತೆರೆದು ಗಾಳಿಯಾಡಿಸಿ, ಬಿಸಿಲಿಗೆ ಒಡ್ಡಬೇಡಿ.

ತಗಡಿನ ಗೆರೆಗಳಲ್ಲಿ ಒಣಗಿದ ಮಸಿ ಇದ್ದರೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಾಕಿ ನೆನೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಪಾತ್ರೆ ತಿಕ್ಕುವ ನಾರು, ಬೂದಿ, ಹುಣಸೆಹಣ್ಣು ಖಂಡಿತ ಬೇಡ. ಹೊಳಪು ಬರಲಿ ಎಂದು ತಗಡು ತಿಕ್ಕುವ ಅಜ್ಜಿಯರಿದ್ದಾರೆ. ಒಣಗಿದ ಮೇಲೆ ವ್ಯಾಸಲೀನನ್ನು ತೆಳ್ಳಗೆ ಸವರಿ, ಬೆಣ್ಣೆ ಕಾಗದದಲ್ಲಿ ಸುತ್ತಿ, ಒಂದಕ್ಕೊಂದು ಉಜ್ಜದ ಹಾಗೆ ನಿಲ್ಲಿಸಿಡಿ. ಸತುವಿನ ಮೇಲೆ ಬಿಳಿ ಪುಡಿ ಏಳತೊಡಗಿದರೆ ತೇವ ಹೊಕ್ಕಿದೆ ಎಂದರ್ಥ. ಮರದ ಹಲಗೆಯ ಮೇಲಿನ ಒಣ ಮಸಿಯನ್ನು ಮುಟ್ಟಬೇಡಿ, ನೀರಲ್ಲಿ ತೊಳೆದರೆ ಹಲಗೆ ಸೊಟ್ಟಗಾಗುತ್ತದೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಹಲಗೆಯನ್ನು ಉಳಿದವುಗಳಿಂದ ತಕ್ಷಣ ಬೇರೆ ಮಾಡಿ.

ಕ್ಯಾನ್ವಾಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಸಾಗಿಸಲು ಸುತ್ತಲೇಬೇಕಾದರೆ ಬಣ್ಣದ ಮುಖ ಹೊರಗೆ ಬರುವ ಹಾಗೆ, ದಪ್ಪ ಕೊಳವೆಗೆ ಸುತ್ತಿ. ಒಳಮುಖವಾಗಿ ಸುತ್ತಿದರೆ ಬಣ್ಣ ಇರುಕಿ ಬಿರಿಯುತ್ತದೆ.

ಲ್ಯಾಮಿನೇಷನ್ ಬಗ್ಗೆ ಒಂದೇ ಮಾತು. ಸತ್ತವರ ಮೇಲೆ ಪ್ರೀತಿ ಹೆಚ್ಚಾದಾಗ ನಮ್ಮ ಜನ ಮೊದಲು ಓಡುವುದು ಲ್ಯಾಮಿನೇಷನ್ ಅಂಗಡಿಗೆ. ಬಿಸಿ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿದ ಪ್ರಿಂಟನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಮಸಿಯ ಉಬ್ಬು, ತಗಡಿನ ತಗ್ಗು ಎಲ್ಲ ಚಪ್ಪಟೆ. ಗೋಡೆಗೆ ಬೇಕೆಂದರೆ ಮೌಂಟ್ ಹಾಕಿಸಿ, ಗಾಜು ಚಿತ್ರಕ್ಕೆ ತಾಗದ ಹಾಗೆ ಫ್ರೇಮ್ ಮಾಡಿಸಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಸೆಲ್ಲೊಟೇಪಿಗೂ ಇದೇ ಶಾಪ.

ಹೋದವನ ತಗಡಿನಿಂದ ಹೊಸ ಪ್ರತಿ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ತಗಡು ಇದೆ, ಅಂಚಿನಲ್ಲಿ ಹದಿನೈದು ಎಂದಿದೆ, ತೆಗೆದದ್ದು ಐದೇ. ಉಳಿದ ಹತ್ತನ್ನು ನಾವೇ ತೆಗೆದು ಮಾರಿ ಅಮ್ಮನಿಗೆ ದುಡ್ಡು ಕೊಡೋಣ ಎಂದು ಹೇಳುವ ಗೆಳೆಯರು ಬರುತ್ತಾರೆ. ಕಳ್ಳರಲ್ಲ, ಒಳ್ಳೆಯವರೇ. ಆದರೂ ಬೇಡ. ಎಚ್ಚಿಂಗ್‌ನಲ್ಲಿ ಒರೆಸುವ ಕೈ ಅರ್ಧ ಚಿತ್ರ. ಜಗಲಿಯ ಕತ್ತಲನ್ನು ಎಷ್ಟು ಉಳಿಸಬೇಕು, ಕೆನ್ನೆಯನ್ನು ಅಂಗೈಯಿಂದ ಎಷ್ಟು ಬೆಳಗಬೇಕು ಎಂಬುದು ಅವನ ಅಂಗೈಗೆ ಗೊತ್ತಿತ್ತು. ನಾವು ತೆಗೆದ ಪ್ರತಿಗೆ ಅವನ ಸಂಖ್ಯೆ ಹಾಕಿದರೆ ಅದು ಸುಳ್ಳು ದಾಖಲೆ.

ತೆಗೆಯಲೇಬೇಕೆಂದಿದ್ದರೆ ದಾರಿ ಇದೆ. ಜರ್ಮನಿಯ ಫ್ರಾಂಟ್ಸ್ ಮಾರ್ಕ್ 1916ರ ಮಾರ್ಚ್ 4ರಂದು ವರ್ದನ್ ಯುದ್ಧದಲ್ಲಿ ಷೆಲ್ಲಿನ ಚೂರು ಬಡಿದು ಸತ್ತ, ಮೂವತ್ತಾರು ವರ್ಷ. ನೀಲಿ ಕುದುರೆಗಳ ಚಿತ್ರಕಾರ ಎಂದು ಹೆಸರು, ಜೊತೆಗೆ ಒಳ್ಳೆಯ ಮರದಚ್ಚುಗಳನ್ನೂ ಕೆತ್ತಿದವನು. ಹೆಂಡತಿ ಮರಿಯಾ ಮಾರ್ಕ್ ತಾನೂ ಚಿತ್ರಕಲಾವಿದೆ, 1955ರವರೆಗೆ ಬದುಕಿದ್ದರು. ಅವನು ಹೋದ ಮೇಲೆ ಅವನ ಹಲಗೆಗಳಿಂದ ಪ್ರತಿ ತೆಗೆದಾಗ ಅದರ ಮೇಲೆ ಅವನ ಸಹಿ ನಕಲು ಮಾಡಲಿಲ್ಲ. ಮೂಲ ಹಲಗೆಯಿಂದ ಕೈಯಲ್ಲಿ ತೆಗೆದದ್ದು ಎಂದು ದೃಢೀಕರಿಸುವ ಮುದ್ರೆ ಒತ್ತಿ, ಕೆಳಗೆ ತಮ್ಮ ಹೆಸರನ್ನು ತಾವೇ ಬರೆದರು. ನೂರು ವರ್ಷ ಕಳೆದರೂ ಆ ಕಾಗದ ಕೈಗೆತ್ತಿಕೊಂಡವರಿಗೆ ಗೊಂದಲವಿಲ್ಲ.

ಅದನ್ನೇ ಮಾಡಿ. ಹಿಂಬದಿಯಲ್ಲಿ ಮರಣೋತ್ತರ ಪ್ರತಿ ಎಂದು ಬರೆದು, ಯಾರು ತೆಗೆದದ್ದು, ಯಾವ ವರ್ಷ, ಎಷ್ಟು ತೆಗೆದಿರಿ ಎಂದು ಸೇರಿಸಿ. ಸಂಖ್ಯೆ ಹೊಸದು, ರೋಮನ್ ಅಂಕಿಯಲ್ಲಿ. ಕಲಾವಿದನ ಸಹಿಯ ಜಾಗ ಖಾಲಿ. ನಾವು ಜಗಲಿಯ ತಗಡಿನಿಂದ ತಾಯಿಗೆ, ತಂಗಿಗೆ, ಕೆಳಮನೆ ಅತ್ತಿಗೆಗೆ ಹೀಗೆ ತೆಗೆದೆವು. ಮಾರಾಟಕ್ಕೆ ಇಲ್ಲ. ಇನ್ನು ಮುಂದೆ ಯಾರೂ ತೆಗೆಯಬಾರದು ಎಂದು ತೀರ್ಮಾನವಾದರೆ ತಗಡಿನ ಮೂಲೆಯಲ್ಲಿ ಅಡ್ಡ ಗೆರೆ ಎಳೆದು ರದ್ದು ಮಾಡುವ ಪದ್ಧತಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಗೀರು ಹಾಕುವ ಹಕ್ಕು ಮಾಡಿದವನಿಗಷ್ಟೇ. ತಗಡನ್ನು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಿ, "ಮುದ್ರಿಸುವಂತಿಲ್ಲ" ಎಂದು ಬರವಣಿಗೆಯಲ್ಲಿ ಪಡೆಯಿರಿ.

ಚೂರುಪಾರು

ಕಾಗದದ ಚೂರು, ಪೋಸ್ಟ್‌ಕಾರ್ಡು, ವಾಟ್ಸಾಪ್ ಸಂದೇಶ, ಬಿಲ್ಲಿನ ಹಿಂದೆ ಗೀಚಿದ್ದು ಎಲ್ಲ ಉಳಿಸಿ. ಮಾರ್ಕ್‌ನ ವಿಷಯವನ್ನೇ ನೋಡಿ. 1913ರಲ್ಲಿ ಬರೆದ "ನೀಲಿ ಕುದುರೆಗಳ ಗೋಪುರ" ಎರಡು ಮೀಟರ್ ಎತ್ತರದ ಚಿತ್ರ. ನಾಜಿಗಳು 1937ರಲ್ಲಿ ಅದನ್ನು ಕೆಟ್ಟ ಕಲೆಯ ಪ್ರದರ್ಶನದಲ್ಲಿ ಅವಮಾನಿಸಲು ತೂಗುಹಾಕಿದರು, ನಾಜಿ ನಾಯಕ ಗೋರಿಂಗ್ ತನ್ನ ವಶಕ್ಕೆ ತೆಗೆದುಕೊಂಡ, ಯುದ್ಧ ಮುಗಿಯುವ ಹೊತ್ತಿಗೆ ಕಾಣೆಯಾಯಿತು. ಇವತ್ತಿಗೂ ಸಿಕ್ಕಿಲ್ಲ. ಆದರೆ ಅದಕ್ಕೂ ಮೊದಲು ಇದೇ ಕುದುರೆಗಳನ್ನು ಅವನು ಒಂದು ಪೋಸ್ಟ್‌ಕಾರ್ಡಿನ ಮೇಲೆ ಬರೆದು ಕವಯಿತ್ರಿ ಎಲ್ಸೆ ಲಾಸ್ಕರ್ ಷ್ಯೂಲರ್‌ಗೆ ಹೊಸ ವರ್ಷದ ಶುಭಾಶಯವಾಗಿ ಕಳಿಸಿದ್ದ. ಅಂಗೈಯಷ್ಟು ಕಾರ್ಡು ಮ್ಯೂನಿಕ್‌ನ ಸಂಗ್ರಹದಲ್ಲಿ ಕ್ಷೇಮವಾಗಿದೆ.

ಫೋನನ್ನು ಫಾರ್ಮ್ಯಾಟ್ ಮಾಡಿ ತಮ್ಮನಿಗೆ ಕೊಡುವ ಮೊದಲು ಅದರ ಫೋಟೊಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ. ಕೆಲಸ ನಡೆಯುತ್ತಿದ್ದಾಗ ತೆಗೆದ ಫೋಟೊಗಳಲ್ಲಿ ಮಾರಿಹೋದ ಚಿತ್ರಗಳೂ ಇರುತ್ತವೆ. ಜೊತೆಗೆ ಕೆಲಸ ಮಾಡಿದವರನ್ನು ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. "ಹೇಗಿದ್ದ?" ಎಂದು ಕೇಳಿದರೆ "ತುಂಬಾ ಒಳ್ಳೆಯವನು ಸಾರ್" ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಯಾವ ಕಂಪನಿಯ ಮಸಿ, ಆಸಿಡ್ ಎಷ್ಟು ಹೊತ್ತು, ಪ್ರೆಸ್ಸಿಗೆ ಎಷ್ಟು ಕಂಬಳಿ ಹಾಕುತ್ತಿದ್ದ, ಯಾವಾಗ ರೇಗುತ್ತಿದ್ದ ಎಂದು ಕೇಳಿ. ನಮ್ಮ ಹುಡುಗ ಎಚ್ಚಿಂಗ್ ಕಾಗದವನ್ನು ನೆನೆಸಲು ಹಾಕಿ ಮರೆತು ಊಟಕ್ಕೆ ಹೋಗಿ ಬರುತ್ತಿದ್ದ ಎಂದು ಸ್ಟುಡಿಯೋ ಸಹಾಯಕರು ಹೇಳಿದರು. ಅವನ ಪ್ರಿಂಟುಗಳ ಕಪ್ಪು ಅಷ್ಟು ಮೆತ್ತಗೆ ಇರುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುಮಾನಿ.

ಪರಿಚಯದ ಹಾಳೆ ಮತ್ತು ಪ್ರದರ್ಶನ

ಪ್ರದರ್ಶನಕ್ಕೆ ಒಂದು ಪರಿಚಯ ಬರೆಯಬೇಕಾಗುತ್ತದೆ. ಸಾವಿನಿಂದ ಶುರು ಮಾಡಬೇಡಿ. ಚಿಕ್ಕ ವಯಸ್ಸಿಗೆ ಸತ್ತವರ ಸಾವು ಕತೆಯಾಗಿ ಬಲು ಸಲೀಸು, ಹೇಳುವವರಿಗೂ ರುಚಿ, ಕೇಳುವವರಿಗೂ ರುಚಿ. ಆಮೇಲೆ ಪ್ರತಿ ಚಿತ್ರದಲ್ಲೂ ಜನ ಮುನ್ಸೂಚನೆ ಹುಡುಕುತ್ತಾರೆ. ಬಾವಿಕಟ್ಟೆ ಬರೆದರೆ "ನೋಡಿ, ಆಗಲೇ ಗೊತ್ತಿತ್ತು" 
ಎನ್ನುತ್ತಾರೆ. ಬಾವಿಕಟ್ಟೆ ಬರೆದದ್ದು ಮನೆಯ ಹಿಂದೆ ಬಾವಿಕಟ್ಟೆ ಇದ್ದದ್ದಕ್ಕೆ. ನಮ್ಮ ಹುಡುಗ ಹೇಗೆ ಹೋದ ಎಂದು ನಾನೂ ಇಲ್ಲಿ ಹೇಳಿಲ್ಲ. ಹುಟ್ಟಿದ ವರ್ಷ, ಹೋದ ವರ್ಷ ಬರೆದರೆ ಲೆಕ್ಕ ಹಾಕಲು ಬರುವವರಿಗೆ ಸಾಕು. ಉಳಿದ ಜಾಗದಲ್ಲಿ ಎಲ್ಲಿ ಕಲಿತ, ಯಾರಿಂದ ಕಲಿತ, ಯಾವ ವಿಷಯ ಬಿಡದೆ ಬರೆದ, ಯಾವುದನ್ನು ಅರ್ಧಕ್ಕೆ ಬಿಟ್ಟ ಎಂದು ಬರೆಯಿರಿ. ಅರ್ಧ ಬಿಟ್ಟ ಕ್ಯಾನ್ವಾಸನ್ನು ಯಾರೂ ಪೂರ್ತಿ ಮಾಡಬಾರದು ಎಂದು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೆ, ಹೇಳಬೇಕಾಗುತ್ತದೆ.

ಸಭೆ ಮಾಡುವುದಾದರೆ ಮಾತಾಡುವವರು ಇಬ್ಬರೇ ಸಾಕು. ದೀಪ, ಹಾರ ಹಾಕಿದ ಫೋಟೊ ಒಂದು ಪಕ್ಕಕ್ಕಿರಲಿ. ನಡುವೆ ಮೇಜು ಹಾಕಿ ಒಂದು ತಗಡು, ಅದರ ಹಂತದ ಪ್ರತಿಗಳು, ಒಂದು ಭೂತಗನ್ನಡಿ ಇಡಿ. ನಾವು ಹಾಗೆ ಮಾಡಿದೆವು. ಊರಿನವರು ಮೇಜು ಬಿಟ್ಟು ಕದಲಲಿಲ್ಲ, ಭಾಷಣಕ್ಕೆ ಕರೆಸಿದ ಮುಖ್ಯ ಅತಿಥಿ ತಾವೇ ಕೈಕಟ್ಟಿ ಸಾಲಿನಲ್ಲಿ ನಿಂತರು. ಅವನ ಹೆಸರಲ್ಲಿ ಪ್ರಶಸ್ತಿ ಸ್ಥಾಪಿಸುವ ಮಾತು ಬಂದರೆ ನಯವಾಗಿ ಮುಂದೂಡಿ. ಎರಡು ವರ್ಷ ನಡೆದು ನಿಲ್ಲುವ ಪ್ರಶಸ್ತಿಗಿಂತ ಆ ದುಡ್ಡಿನಲ್ಲಿ ಒಳ್ಳೆಯ ಬೀರು, ಕಾಗದ, ಫೋಟೊ ಕೆಲಸ ಆಗುತ್ತದೆ.

ಹಕ್ಕು, ಮಾರಾಟ

ಕಾನೂನಿನ ಮಾತು ಚುಟುಕಾಗಿ. ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ವಾರಸುದಾರರದ್ದು. ಪ್ರಿಂಟು ಕೊಂಡವರಿಗೆ ಆ ಕಾಗದ ಸೇರಿತೇ ಹೊರತು ಅದನ್ನು ಪುಸ್ತಕದ ಮುಖಪುಟಕ್ಕೋ ಕ್ಯಾಲೆಂಡರಿಗೋ ಹಾಕುವ ಹಕ್ಕು ಸೇರುವುದಿಲ್ಲ. ಯಾರಾದರೂ ಕೇಳಿದರೆ ಬರವಣಿಗೆಯಲ್ಲಿ ಕೇಳಲಿ, ಬರವಣಿಗೆಯಲ್ಲೇ ಉತ್ತರ ಕೊಡಿ. ಪ್ರದರ್ಶನಕ್ಕೆಂದು ಒಯ್ಯುವವರಿಂದ ಸಂಖ್ಯೆ, ಅಳತೆ, ವಾಪಸು ಕೊಡುವ ತಾರೀಖು ಇರುವ ರಸೀದಿ ಪಡೆಯಿರಿ, ಎಷ್ಟೇ ಆಪ್ತರಾದರೂ.

ಮೊದಲ ವರ್ಷ ಏನನ್ನೂ ಮಾರಬೇಡಿ. ದುಡ್ಡಿನ ಅಡಚಣೆ ಇದ್ದರೆ ಪ್ರೆಸ್ಸು, ಖಾಲಿ ಕಾಗದ, ಬಳಸದ ತಗಡು ಮಾರಿ. ಅವಕ್ಕೆ ಕೊಳ್ಳುವವರು ವಿದ್ಯಾರ್ಥಿಗಳಲ್ಲೇ ಇದ್ದಾರೆ, ಬೆಲೆಯೂ ಸಿಗುತ್ತದೆ. ಆಮೇಲೆ ಮಾರುವಾಗ ಸಹಿ, ಸಂಖ್ಯೆ ಇರುವವುಗಳನ್ನೇ ಮಾರಿ, ಪ್ರತಿ ಚಿತ್ರದ ಒಂದು ಪ್ರತಿಯಾದರೂ ಮನೆಯಲ್ಲಿ ಉಳಿಸಿಕೊಳ್ಳಿ. ಹಂತದ ಪ್ರತಿಗಳನ್ನು ಬಿಡಿಬಿಡಿಯಾಗಿ ಯಾವ ಬೆಲೆಗೂ ಒಡೆಯಬೇಡಿ. ಯಾರಿಗೆ ಕೊಟ್ಟಿರಿ, ಎಷ್ಟಕ್ಕೆ ಕೊಟ್ಟಿರಿ ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಮುಂದೆ ಬರೆಯಿರಿ. ನೋಟ್‌ಬುಕ್ಕಿನ ಜೆರಾಕ್ಸ್ ಒಂದು ತಂಗಿಯ ಗಂಡನ ಮನೆಯಲ್ಲಿ, ಒಂದು ಕಲಿಸಿದ ಮೇಷ್ಟ್ರ ಹತ್ತಿರ ಇರಲಿ.